ಮೂಳೆ ಡಾಕ್ಟ್ರು ಯಾವಾಗ ಬರ್ತಾರೆ?

ಕಳೆದ ಸಂಚಿಕೆಯಲ್ಲಿ ಮಂಡಿನೋವಿನ ಪ್ರಶ್ನೆಗೆ ಉತ್ತರ ಬರೆಯುವಾಗ ನಡುವೆ ಸುಮ್ನೆ ಒಂದು ಮಾತು ಸೇರಿಸಿದ್ದೆ. ರೋಗಿಯ ಪಕ್ಕ ಕೂತು ಇಪ್ಪತ್ತು ನಿಮಿಷ ಎಕ್ಸ್-ರೇ ತೋರಿಸಿ, ಎಲ್ಲಿ ಕೊಯ್ಯುತ್ತೇನೆ, ಯಾವ ರಾಡ್ ಹಾಕುತ್ತೇನೆ, ಯಾವಾಗ ನಡೆಸುತ್ತೇನೆ ಎಲ್ಲ ಹೇಳಿ ಎದ್ದರೆ, ಅವರ ಕಡೆಯವರು "ಆಯ್ತು ಸಿಸ್ಟರ್, ಮೂಳೆ ಡಾಕ್ಟ್ರು ಯಾವಾಗ ಬರ್ತಾರೆ?" ಅಂದರು ಅಂತ. ಮೂಳೆ ಡಾಕ್ಟ್ರು ನಾನೇ. ಇಪ್ಪತ್ತು ವರ್ಷದಿಂದ ನಾನೇ. ನಗಲಿ ಅಂತ ಬರೆದದ್ದು. ಅದಕ್ಕೆ ಬಂದ ಪತ್ರಗಳಲ್ಲಿ ನಗು ಕಡಿಮೆ ಇತ್ತು. ಆರ್ಥೋಪೆಡಿಕ್ಸ್ ಮಾಡುತ್ತಿರುವ, ಮಾಡಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳೇ ಜಾಸ್ತಿ ಬರೆದಿದ್ದಾರೆ. ಹಾಗಾಗಿ ಈ ಸಲ ಅವರದ್ದೇ ಸರದಿ. ಮಂಡಿನೋವಿನವರು ಬೇಜಾರು ಮಾಡಿಕೊಳ್ಳಬೇಡಿ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ, ಮುಂದಿನ ಸಲ ಸಿಗೋಣ.

ಹೆಸರು ಯಾರದ್ದೂ ಹಾಕಿಲ್ಲ. ಹಾಕಬೇಡಿ ಅಂತ ಎಲ್ಲರೂ ಕೇಳಿದ್ದಾರೆ, ಅದೇ ಒಂದು ಸಂಗತಿ.

ಪ್ರಶ್ನೆ: ಮೇಡಂ, ನನ್ನ ಇಂಟರ್ನ್‌ಶಿಪ್ ಮುಗಿಯುತ್ತಾ ಬಂತು. ಆರ್ಥೋ ಪೋಸ್ಟಿಂಗ್ ತುಂಬಾ ಇಷ್ಟವಾಯಿತು. ಪಿಜಿಗೆ ಅದನ್ನೇ ತಗೊಳ್ತೀನಿ ಅಂದರೆ ಮನೆಯವರೂ ಸೀನಿಯರ್‌ಗಳೂ ಒಂದೇ ಮಾತು: "ಅದು ಶಕ್ತಿ ಬೇಕಾದ ಕೆಲಸ, ನಿನ್ನ ಕೈಲಿ ಆಗಲ್ಲ, ಸ್ಕಿನ್ ತಗೋ." ನಾನು ಐದಡಿ ಒಂದಿಂಚು. ನಿಜ ಹೇಳಿ, ಆಗುತ್ತಾ?

ಆಗುತ್ತಮ್ಮ. ನಾನು ನಿನಗಿಂತ ಒಂದೇ ಇಂಚು ಎತ್ತರ.

ಮೊದಲು ಈ ಶಕ್ತಿಯ ಮಾತನ್ನು ಮುಗಿಸಿಬಿಡೋಣ. ನಾನು ಮೊದಲನೇ ವರ್ಷದಲ್ಲಿದ್ದಾಗ ರಾತ್ರಿ ಡ್ಯೂಟಿಗೆ ಸೊಂಟದ ಕೀಲು ಜಾರಿದ ಹುಡುಗ ಬಂದ. ಒಳ್ಳೇ ಪೈಲ್ವಾನನ ಹಾಗಿದ್ದ, ಅವನ ತೊಡೆ ನನ್ನ ಎರಡು ತೋಳು ಸೇರಿಸಿದರೂ ಅದಕ್ಕಿಂತ ದಪ್ಪ. ನಾನು ಎಳೆದೆ, ಬೆವರಿದೆ, ಕೀಲು ಕದಲಲಿಲ್ಲ. ನನ್ನ ಜೊತೆಯಲ್ಲಿದ್ದ ಆರಡಿ ಹುಡುಗನೂ ಎಳೆದ, ಅವನಿಗೂ ಕದಲಲಿಲ್ಲ, ಆದರೆ ಅವನಿಗೆ ಯಾರೂ "ಶಕ್ತಿ ಇಲ್ಲ" ಅನ್ನಲಿಲ್ಲ ನೋಡು. ಆಮೇಲೆ ನಮ್ಮ ಸೀನಿಯರ್ ಬಂದರು. ಸಣಕಲು ಆಳು, ರಿಟೈರ್ ಆಗುವ ವಯಸ್ಸು. ಸ್ನಾಯು ಪೂರ್ತಿ ಸಡಿಲವಾಗಲಿ ಅಂತ ಅನೆಸ್ತೇಸಿಯಾದವರನ್ನು ಕೇಳಿಕೊಂಡು ಕಾದರು. ತಮ್ಮ ಕಾಲನ್ನು ಟೇಬಲ್ ಮೇಲಿಟ್ಟು, ರೋಗಿಯ ಮಂಡಿಯ ಕೆಳಗೆ ತಮ್ಮ ಮಂಡಿ ಕೊಟ್ಟು, ಹಿಮ್ಮಡಿ ಮೆಲ್ಲಗೆ ಎತ್ತಿದರು. ಟಕ್ ಅಂತ ಕೂತುಕೊಂಡಿತು. ಬೆವರೂ ಬರಲಿಲ್ಲ ಅವರಿಗೆ. ಸನ್ನೆಕೋಲು ಹಾಕಿ ಬಂಡೆ ಎಬ್ಬಿಸುವವರಿಗೆ ಗೊತ್ತಿರುವ ವಿದ್ಯೆ ಅದು, ಅಷ್ಟೇ.

ಈಗಿನ ಆರ್ಥೋದಲ್ಲಿ ತೊಡೆಮೂಳೆ ಮುರಿದವರ ಕಾಲನ್ನು ಎಳೆದು ಹಿಡಿಯುವುದು ಟ್ರಾಕ್ಷನ್ ಟೇಬಲ್. ಕೊರೆಯುವುದು, ಕೊಯ್ಯುವುದು ಬ್ಯಾಟರಿ ಡ್ರಿಲ್ಲು, ಗರಗಸ. ಸುತ್ತಿಗೆ ಬೀಸುವುದು ಇದೆ, ಇಲ್ಲ ಅನ್ನಲ್ಲ, ಆದರೆ ಜೋರಾಗಿ ಬೀಸುವವರನ್ನು ನಾನು ನನ್ನ ಟೇಬಲ್ ಹತ್ತಿರ ಬಿಡುವುದೂ ಇಲ್ಲ, ಮೂಳೆ ಸೀಳಿಕೊಂಡರೆ ಆಮೇಲೆ ಕಟ್ಟುತ್ತಾ ಕೂರಬೇಕಾದವಳು ನಾನೇ ತಾನೆ. ಇನ್ನು ಆಪರೇಷನ್‌ಗೆ ಮುಂಚೆ ಔಷಧಿ ಹಚ್ಚುವಾಗ ಕಾಲೆತ್ತಿ ಹಿಡಿಯುವ ಕೆಲಸ. ಒಂದು ಕಾಲು ಅಂದರೆ ದೇಹದ ತೂಕದಲ್ಲಿ ಸುಮಾರು ಆರನೇ ಒಂದು ಭಾಗ. 60 ಕಿಲೋ ಆಳಿನ ಕಾಲು ಹತ್ತಿರ ಹತ್ತು ಕಿಲೋ. ಅದನ್ನು ತೋಳು ಚಾಚಿ ಹಿಡಿದರೆ ಯಾರಿಗಾದರೂ ಕೈ ನಡುಗುತ್ತದೆ. ಮೈಗೆ ಹತ್ತಿರ ಹಿಡಿ, ಇಲ್ಲ ಸ್ಟ್ಯಾಂಡ್ ಕೇಳು.

ಈಗ ಕಷ್ಟದ ವಿಷಯಕ್ಕೆ ಬರ್ತೀನಿ. ಅದು ಒಂಟಿತನ. ಮೆಡಿಕಲ್ ಓದುವವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳೇ ಇರುವ ಅಮೆರಿಕದಲ್ಲೂ ಆರ್ಥೋ ಸರ್ಜನ್‌ಗಳ ಅಕಾಡೆಮಿಯಲ್ಲಿ ಹತ್ತಕ್ಕೆ ಒಬ್ಬ ಹೆಂಗಸೂ ಇಲ್ಲ. ಆ ಅಕಾಡೆಮಿ ಹುಟ್ಟಿದ್ದು 1933ರಲ್ಲಿ. ರೂತ್ ಜಾಕ್ಸನ್ ಅನ್ನುವವರು 1937ರಲ್ಲಿ ಬೋರ್ಡ್ ಪರೀಕ್ಷೆ ಪಾಸು ಮಾಡಿ ಅದರ ಮೊದಲ ಮಹಿಳಾ ಸದಸ್ಯೆ ಆದರು. ಮೊದಲ ಮಹಿಳಾ ಅಧ್ಯಕ್ಷೆ ಕ್ರಿಸ್ಟಿ ವೆಬರ್ ಬರಬೇಕಾದರೆ 2019 ಆಯಿತು. 86 ವರ್ಷ! ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅಂತೂ ಇನ್ನೂ ಹಳೆಯದು. ಅಲ್ಲಿ 2014ರಲ್ಲಿ ಮೊದಲ ಬಾರಿ ಒಬ್ಬ ಹೆಂಗಸು ಅಧ್ಯಕ್ಷೆಯಾದರು, ಕ್ಲೇರ್ ಮಾರ್ಕ್ಸ್. ಹೃದಯದ ಸರ್ಜನ್ ಅಲ್ಲ, ಮೆದುಳಿನ ಸರ್ಜನ್ ಅಲ್ಲ, ಮೂಳೆ ಡಾಕ್ಟ್ರು. ನನಗೆ ಅದೊಂದು ಪುಟ್ಟ ಖುಷಿ.

ಆದ್ದರಿಂದ ವಿಷಯ ಆರಿಸುವಷ್ಟೇ ಗಮನ ಕೊಟ್ಟು ಡಿಪಾರ್ಟ್‌ಮೆಂಟ್ ಆರಿಸು. ಅಲ್ಲಿ ಈಗ ಓದುತ್ತಿರುವ ಹುಡುಗಿ ಇದ್ದರೆ ಒಬ್ಬಳನ್ನೇ ಸಿಕ್ಕು ಮಾತಾಡು. "ಚೆನ್ನಾಗಿದೆಯಾ" ಅಂತ ಕೇಳಬೇಡ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳೋದು. ನೀವು ಬಟ್ಟೆ ಬದಲಿಸುವುದು ಎಲ್ಲಿ ಅಂತ ಕೇಳು. ಎಷ್ಟೋ ಆಸ್ಪತ್ರೆಗಳಲ್ಲಿ ಒಂದು ಬಾಗಿಲ ಮೇಲೆ "ಡಾಕ್ಟರ್ಸ್" ಅಂತ ಇರುತ್ತದೆ, ಇನ್ನೊಂದರ ಮೇಲೆ "ನರ್ಸಸ್". ಡಾಕ್ಟರ್ಸ್ ಅಂದರೆ ಗಂಡಸರದ್ದು ಅಂತ ತಿಳಿದುಕೋ. ಅರ್ಧ ಕೇಸು ತೀರ್ಮಾನವಾಗುವುದು ಆ ರೂಮಿನಲ್ಲಿ, ಷರ್ಟು ಬಿಚ್ಚಿ ಸ್ಕ್ರಬ್ಸ್ ಹಾಕಿಕೊಳ್ಳುವಾಗ. ನೀನು ನರ್ಸಮ್ಮಂದಿರ ಜೊತೆ ಇರುತ್ತೀಯ. (ಅಲ್ಲಿ ಕಲಿಯುವುದು ಬೇಕಾದಷ್ಟಿದೆ, ಯಾವ ಸೀನಿಯರ್ ಹತ್ತಿರ ಯಾವಾಗ ಮಾತಾಡಬಾರದು ಅನ್ನುವುದರಿಂದ ಹಿಡಿದು. ಆದರೆ ನಾಳೆಯ ಲಿಸ್ಟಿನಲ್ಲಿ ಯಾರಿಗೆ ಯಾವ ಕೇಸು ಅಂತ ಅಲ್ಲಿ ಗೊತ್ತಾಗಲ್ಲ.) ಆ ಮಾತುಕತೆ ನಿನ್ನ ತನಕ ಹೇಗೆ ಬರುತ್ತದೆ ಅಂತ ಆ ಹುಡುಗಿಗೆ ಗೊತ್ತಿದ್ದರೆ, ಡಿಪಾರ್ಟ್‌ಮೆಂಟ್ ಪರವಾಗಿಲ್ಲ ಅಂತ ಅರ್ಥ.

ಅಂದಹಾಗೆ, ಸ್ಕಿನ್ ಸುಲಭ ಅಂತ ಹೇಳಿದವರು ಸ್ಕಿನ್ ಡಾಕ್ಟ್ರ ಎದುರು ಅದನ್ನು ಹೇಳದಿದ್ದರೆ ಒಳ್ಳೆಯದು.

ಪ್ರಶ್ನೆ: ನಾನು ಆರ್ಥೋ ಎರಡನೇ ವರ್ಷ. ಓಟಿಯಲ್ಲಿ ನನ್ನ ಬ್ಯಾಚಿನ ಹುಡುಗರಿಗೆ ಡ್ರಿಲ್ ಸಿಗುತ್ತೆ, ನನಗೆ ಗಾಯ ಅಗಲಿಸಿ ಹಿಡಿಯುವ ರಿಟ್ರಾಕ್ಟರ್. ಕೇಳಿದರೆ "ಇನ್ನೂ ಟೈಮಿದೆ, ನೋಡಿ ಕಲಿ" ಅಂತಾರೆ. ವಾರ್ಡಿನ ಡಿಸ್ಚಾರ್ಜ್ ಸಮ್ಮರಿ ಮಾತ್ರ ಎಲ್ಲ ನನ್ನವೇ, ನನ್ನ ಅಕ್ಷರ ಚೆನ್ನಾಗಿದೆಯಂತೆ. ಜಗಳ ಆಡಲಾ, ಸುಮ್ಮನಿರಲಾ?

ಅಕ್ಷರ ಕೆಡಿಸಿಕೋ ತಂಗಿ. ತಮಾಷೆ ಅಲ್ಲ.

ಜಗಳಕ್ಕೆ ಮುಂಚೆ ಲೆಕ್ಕ ಇಡು. ಯಾವ ದಿನ, ಯಾವ ಕೇಸು, ನೀನು ಏನು ಮಾಡಿದೆ, ನಿನ್ನ ಜೊತೆಯವರು ಏನು ಮಾಡಿದರು, ಎರಡು ತಿಂಗಳು ಬರೆದಿಡು. ಲಾಗ್ ಬುಕ್ ಹೇಗೂ ಬರೆಯಲೇಬೇಕಲ್ವಾ, ಅದರ ಪಕ್ಕದಲ್ಲೇ ಇನ್ನೊಂದು ಸಾಲು. "ನನಗೆ ಅವಕಾಶ ಕೊಡ್ತಿಲ್ಲ ಸರ್" ಅಂದರೆ ಅದು ಅಳುಮುಂಜಿ ಮಾತು ಅಂತ ತಳ್ಳಿಹಾಕುತ್ತಾರೆ. "ಸರ್, ಎರಡು ತಿಂಗಳಲ್ಲಿ ಹದಿನೆಂಟು ನೇಲಿಂಗ್ (ಮೂಳೆಯೊಳಗೆ ರಾಡ್ ಹಾಕುವುದು) ಆಗಿದೆ, ನಾನು ಒಂದರಲ್ಲೂ ಸ್ಕ್ರೂ ಹಾಕಿಲ್ಲ" ಅಂದರೆ ತಳ್ಳಿಹಾಕುವುದು ಕಷ್ಟ. ಎಷ್ಟೋ ಸಲ ಆ ಸೀನಿಯರ್‌ಗೂ ಅದು ಗೊತ್ತಿರಲ್ಲ, ಪ್ರಾಮಾಣಿಕವಾಗಿಯೇ ಗೊತ್ತಿರಲ್ಲ. ಅಭ್ಯಾಸಬಲದಿಂದ ಕೈ ಎತ್ತರದ ಹುಡುಗನ ಕಡೆ ಹೋಗುತ್ತದೆ.

ಕೇಳುವುದಾದರೆ ಹಿಂದಿನ ದಿನ ಕೇಳು, ಚರ್ಮ ತೆರೆದ ಮೇಲೆ ಕೇಳಬೇಡ. ಮತ್ತೆ ಆಪರೇಷನ್ನಿನ ಯಾವ ಭಾಗ ಬೇಕು ಅಂತ ಹೆಸರು ಹಿಡಿದು ಕೇಳು. "ಏನಾದರೂ ಮಾಡೋಕೆ ಕೊಡಿ" ಅನ್ನಬೇಡ. "ನಾಳೆಯ ಟಿಬಿಯಾ (ಮಂಡಿ ಕೆಳಗಿನ ಮೂಳೆ) ಕೇಸಿನಲ್ಲಿ ಕೆಳಗಿನ ಎರಡು ಲಾಕಿಂಗ್ ಸ್ಕ್ರೂ ನಾನು ಹಾಕ್ತೀನಿ, ಮಾಡೆಲ್ ಮೂಳೆಯಲ್ಲಿ ಮಾಡಿ ನೋಡಿದ್ದೀನಿ" ಅನ್ನು. ಮಾಡಿ ನೋಡಿರಲೂ ಬೇಕು, ಅದು ಬೇರೆ ವಿಷಯ.

ಇನ್ನೊಂದು ಸಂಗತಿ ನಿನ್ನ ಪತ್ರದಲ್ಲಿ ಇಲ್ಲ, ಆದರೆ ನಡೆಯುತ್ತಿರುತ್ತದೆ ಅಂತ ನನ್ನ ಊಹೆ. ನಿನ್ನ ಗ್ಲೌಸ್ ಸೈಜ್ ಆರೋ ಆರೂವರೆಯೋ ಇರಬೇಕು. ಟ್ರೇಯಲ್ಲಿ ಬರುವುದು ಏಳೂವರೆ. ಬೆರಳ ತುದಿಯಲ್ಲಿ ಅರ್ಧ ಇಂಚು ರಬ್ಬರ್ ಜೋತಾಡುತ್ತಾ ಇದ್ದರೆ ಯಾರ ಕೈಯಾದರೂ ಒರಟಾಗಿ ಕಾಣುತ್ತದೆ. ಟೇಬಲ್ಲನ್ನು ಎತ್ತರದವರ ಮೊಣಕೈಗೆ ಹೊಂದಿಸಿರುತ್ತಾರೆ, ನೀನು ಹೆಗಲು ಎತ್ತಿಕೊಂಡು ಡ್ರಿಲ್ ಹಿಡಿದರೆ ಡ್ರಿಲ್ ವಾಲುತ್ತದೆ, ಆಗ "ನೋಡಿ, ಕೈ ನಿಲ್ಲಲ್ಲ" ಅಂತಾರೆ. ಸ್ಟೂಲ್ ತರಿಸಿಕೋ. ನಾಚಿಕೆ ಯಾಕೆ? ನಾನು ಇವತ್ತಿಗೂ ಎರಡು ಸ್ಟೂಲ್ ಹಾಕಿಸುತ್ತೇನೆ, ಒಂದು ಟೇಬಲ್ಲಿನ ಈ ಕಡೆ, ಒಂದು ಆ ಕಡೆ. ಮೊದಮೊದಲು ನಗುತ್ತಿದ್ದರು. ಈಗ ನಾನು ಒಳಗೆ ಕಾಲಿಡುವ ಮುಂಚೆ ಅವು ಅಲ್ಲಿರುತ್ತವೆ.

ಹೆಸರಿನ ವಿಷಯವೂ ಹೇಳಿಬಿಡ್ತೀನಿ. ಹುಡುಗರು ಡಾಕ್ಟರ್ ಇಂಥವರು, ನೀನು ಬರೀ ಹೆಸರು, ಇಲ್ಲ "ಮಗೂ". ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ಡಾಕ್ಟರ್‌ಗಳ ಸಭೆಗಳ ವಿಡಿಯೋ ಕೂತು ನೋಡಿ 2017ರಲ್ಲಿ ಒಂದು ವರದಿ ಪ್ರಕಟಿಸಿದರು. ಗಂಡಸರು ಪರಿಚಯ ಮಾಡಿಕೊಡುವಾಗ ಮಾತಾಡಲು ಬಂದ ಗಂಡಸರನ್ನು ನೂರಕ್ಕೆ 72 ಸಲ ಡಾಕ್ಟರ್ ಅಂತ ಕರೆದಿದ್ದಾರೆ, ಹೆಂಗಸರನ್ನು ನೂರಕ್ಕೆ 49 ಸಲ. ಇಬ್ಬರೂ ಡಾಕ್ಟರ್‌ಗಳೇ. ರೋಗಿಯ ಎದುರು ನಿನ್ನ ಹೆಸರಿನ ಮುಂದೆ ಡಾಕ್ಟರ್ ಹಾಕಿ ಕರೆಯಿರಿ ಅಂತ ಜೊತೆಯವರಿಗೆ ಹೇಳು. ಇದು ಗತ್ತಿನ ಮಾತಲ್ಲ, ರಾತ್ರಿ ಎರಡು ಗಂಟೆಗೆ ನೀನು "ಕಾಲು ಊರಬೇಡಿ" ಅಂದಾಗ ಆ ರೋಗಿ ಕೇಳಬೇಕು ಅಷ್ಟೇ.

ಇಷ್ಟೆಲ್ಲ ಮಾಡಿಯೂ ಬದಲಾಗದಿದ್ದರೆ ಆಗ ಜಗಳ. ಆ ಲೆಕ್ಕದ ಪುಸ್ತಕ ಹಿಡಿದುಕೊಂಡೇ ಹೋಗು.

ಪ್ರಶ್ನೆ: ಡಾಕ್ಟ್ರೇ, ನಾನು ಟ್ರಾಮಾ (ಅಪಘಾತದ ಗಾಯ) ಯೂನಿಟ್ಟಿನಲ್ಲಿದ್ದೇನೆ. ಎಂಟು ವಾರ ಗರ್ಭಿಣಿ. ದಿನಾ ಸಿ-ಆರ್ಮ್ (ಆಪರೇಷನ್ ನಡುವೆ ಎಕ್ಸ್-ರೇ ತೋರಿಸುವ ಯಂತ್ರ) ಕೆಳಗೆ ಕೆಲಸ. ಯೂನಿಟ್ಟಿನಲ್ಲಿ ಇನ್ನೂ ಹೇಳಿಲ್ಲ, ಹೇಳಿದರೆ ಕೇಸು ಕಿತ್ತುಕೊಳ್ತಾರೆ ಅನ್ನೋ ಭಯ. ಮಗುವಿಗೆ ಏನಾದರೂ ಆಗುತ್ತಾ ಅನ್ನೋ ಭಯ ಅದಕ್ಕಿಂತ ದೊಡ್ಡದು. ರಾತ್ರಿ ನಿದ್ದೆ ಬರಲ್ಲ.

ಮೊದಲು ಒಂದು ಸಮಾಧಾನದ ಮಾತು. ಆಮೇಲೆ ಒಂದು ಕಟುವಾದ ಮಾತು.

ಸಿ-ಆರ್ಮ್‌ನಿಂದ ನಿಮಗೆ ತಾಗುವುದು ರೋಗಿಯ ಮೈಯಿಂದ ಚದುರಿ ಬರುವ ಕಿರಣ. ಸರಿಯಾದ ಲೆಡ್ ಏಪ್ರನ್ ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ತಡೆಯುತ್ತದೆ. ದೂರ ಎರಡರಷ್ಟು ಆದರೆ ಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಚಿತ್ರ ತೆಗೆಯುವ ಕ್ಷಣಕ್ಕೆ ಎರಡು ಹೆಜ್ಜೆ ಹಿಂದೆ ಹೋಗುವುದೂ ಏಪ್ರನ್ನಿನ ಜೊತೆಗೆ ದೊಡ್ಡ ಕೆಲಸ ಮಾಡುತ್ತದೆ. ಪಕ್ಕದಿಂದ ಚಿತ್ರ ತೆಗೆಯುವಾಗ ಕಿರಣ ಬಿಡುವ ಟ್ಯೂಬ್ ಇರುವ ಕಡೆ ನಿಲ್ಲಬೇಡಿ, ಚಿತ್ರ ಹಿಡಿಯುವ ತಟ್ಟೆ ಇರುವ ಕಡೆ ನಿಲ್ಲಿ. ಗರ್ಭ ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಮಗುವಿಗೆ ಒಟ್ಟು 1 ಮಿಲಿಸೀವರ್ಟ್ (ತಾಗಿದ ಕಿರಣ ಅಳೆಯುವ ಮಾನ) ಮೀರಬಾರದು ಅನ್ನುವುದು ಅಂತಾರಾಷ್ಟ್ರೀಯ ವಿಕಿರಣ ಸುರಕ್ಷತಾ ಆಯೋಗದ ಸಲಹೆ. ಮಗುವಿನ ಅಂಗಾಂಗಕ್ಕೆ ಪೆಟ್ಟು ಬೀಳುವ ಮಟ್ಟ ಇದಕ್ಕಿಂತ ಎಷ್ಟೋ ಪಾಲು ಮೇಲೆ, 100 ಮಿಲಿಸೀವರ್ಟ್ ಹತ್ತಿರ. ಹೊಟ್ಟೆಯ ಹತ್ತಿರ, ಏಪ್ರನ್ನಿನ ಒಳಗೆ ಹಾಕುವ, ಕಿರಣ ಅಳೆಯುವ ಇನ್ನೊಂದು ಬ್ಯಾಡ್ಜ್ ಇದೆ. ಅದು ಪ್ರತಿ ತಿಂಗಳು ಎಷ್ಟು ತಾಗಿತು ಅಂತ ಹೇಳುತ್ತದೆ. ಆದರೆ ನೀವು ಹೇಳದೆ ಆ ಬ್ಯಾಡ್ಜ್ ಯಾರು ಕೊಡ್ತಾರೆ? ಅದಕ್ಕೇ ಹೇಳಿ ಅನ್ನುವುದು. ಈ ವಾರವೇ ಹೇಳಿ. ಕೃತಕ ಕೀಲು ಕೂರಿಸುವ ಬೋನ್ ಸಿಮೆಂಟ್ ಕಲಸುವಾಗ ಹೊರಗೆ ಹೋಗಿ, ಆ ಘಾಟು ಯಾರಿಗೂ ಒಳ್ಳೆಯದಲ್ಲ, ನಿರ್ವಾತದಲ್ಲಿ ಕಲಸುವ ಡಬ್ಬಿ ಇದ್ದರೆ ಅದರಲ್ಲೇ ಕಲಸಲಿ.

ಕಟುವಾದ ಮಾತು ಇದು. ನಿಮ್ಮ ಭಯವೆಲ್ಲ ಕಿರಣದ ಮೇಲಿದೆ, ನನ್ನ ಭಯ ನಿಮ್ಮ ಡ್ಯೂಟಿ ಗಂಟೆಗಳ ಮೇಲಿದೆ. 2021ರಲ್ಲಿ ಅಮೆರಿಕದ 692 ಮಹಿಳಾ ಸರ್ಜನ್‌ಗಳನ್ನು ಕೇಳಿ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 42 ಮಂದಿಗೆ ಒಮ್ಮೆಯಾದರೂ ಗರ್ಭ ನಷ್ಟವಾಗಿತ್ತು. ಸಾಮಾನ್ಯ ಜನರಲ್ಲಿ ಆಗುವುದಕ್ಕಿಂತ ಎರಡರಷ್ಟಕ್ಕೂ ಜಾಸ್ತಿ. ತಡವಾಗಿ ಗರ್ಭ ಧರಿಸುವುದು ಒಂದು ಕಾರಣ ಇರಬಹುದು, ಅದೊಂದೇ ಅಲ್ಲ. ಕೊನೆಯ ಮೂರು ತಿಂಗಳಲ್ಲಿ ವಾರಕ್ಕೆ 12 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆಪರೇಷನ್ ಮಾಡಿದವರಲ್ಲಿ ದೊಡ್ಡ ತೊಂದರೆಗಳು ಹೆಚ್ಚು ಕಂಡವು. ಅರ್ಧಕ್ಕಿಂತ ಜಾಸ್ತಿ ಮಂದಿ ಗರ್ಭಿಣಿಯಾಗಿದ್ದಾಗಲೂ ವಾರಕ್ಕೆ 60 ಗಂಟೆ ಮೀರಿ ದುಡಿದಿದ್ದರು.

ನಾನೂ ಆ ಪೈಕಿಯೇ. ಐದು ತಿಂಗಳು ಯಾರಿಗೂ ಹೇಳಲಿಲ್ಲ. ಗಂಡಸರ ದೊಡ್ಡ ಏಪ್ರನ್ ಹಾಕಿಕೊಂಡು ಹೊಟ್ಟೆ ಮುಚ್ಚಿದೆ. ಒಂದು ದಿನ ಪೆಲ್ವಿಸ್ (ಸೊಂಟದ ಮೂಳೆ) ಕೇಸಿನ ನಡುವೆ ತಲೆ ಸುತ್ತಿ ಓಟಿಯ ನೆಲದ ಮೇಲೆ ಕೂತುಬಿಟ್ಟೆ. ಆ ದಿನ ಕೇಸು ಮುಗಿಸಿದವರು ಬೇರೆಯವರು, ಆಮೇಲೆ ಮೂರು ತಿಂಗಳು ನನಗೆ ಕೇಸೇ ಕೊಡಲಿಲ್ಲ. ಅಂದರೆ ಯಾವುದು ಕೈತಪ್ಪುತ್ತದೆ ಅಂತ ಮುಚ್ಚಿಟ್ಟೆನೋ ಅದು ಇನ್ನೂ ಕೆಟ್ಟ ರೀತಿಯಲ್ಲಿ ಕೈತಪ್ಪಿತು. ಮಗು ಚೆನ್ನಾಗಿ ಹುಟ್ಟಿತು, ಅದು ನನ್ನ ಜಾಣತನದಿಂದ ಅಲ್ಲ.

ಹೇಳಲು ಹೋಗುವಾಗ ನೀವೇ ಒಂದು ಪಟ್ಟಿ ತಗೊಂಡು ಹೋಗಿ. ಕೈ, ಪಾದ, ಆರ್ತ್ರೋಸ್ಕೋಪಿ (ಕೀಲಿನೊಳಗೆ ಕ್ಯಾಮೆರಾ ಹಾಕಿ ಮಾಡುವುದು) ಹೀಗೆ ಕಿರಣ ಕಡಿಮೆ ಇರುವ ಕೇಸು ಯಾವುವು, ರಾತ್ರಿ ಡ್ಯೂಟಿ ಯಾವ ತಿಂಗಳವರೆಗೆ, ವಾಪಸ್ ಬಂದ ಮೇಲೆ ಟ್ರಾಮಾ ಲಿಸ್ಟಿಗೆ ಯಾವಾಗ ಅಂತ. ಅವರು ತೀರ್ಮಾನ ಮಾಡಿ ನಿಮಗೆ ಹೇಳುವುದಕ್ಕಿಂತ ನೀವು ಮಾಡಿ ಅವರಿಗೆ ಹೇಳುವುದು ಮೇಲು.

ಏಪ್ರನ್ ಬಗ್ಗೆ ಇನ್ನೊಂದು, ಇದು ಗರ್ಭಿಣಿಯರಿಗೆ ಮಾತ್ರ ಅಲ್ಲ. ಗಂಡಸರ ಎದೆಗೆ ಹೊಲಿದ ಏಪ್ರನ್ನಿನಲ್ಲಿ ಕಂಕುಳ ಪಕ್ಕ ಸಂದು ಬಿಡುತ್ತದೆ. ಸ್ತನದ ಮೇಲ್ಭಾಗದ ಹೊರಬದಿ ಅಲ್ಲೇ ಇರುವುದು, ಸ್ತನ ಕ್ಯಾನ್ಸರ್ ಜಾಸ್ತಿ ಬರುವ ಜಾಗವೂ ಅದೇ. ಅಮೆರಿಕದ ಮಹಿಳಾ ಆರ್ಥೋ ಸರ್ಜನ್‌ಗಳಲ್ಲಿ ಸ್ತನ ಕ್ಯಾನ್ಸರ್ ಉಳಿದ ಹೆಂಗಸರಿಗಿಂತ ಹೆಚ್ಚು ಕಂಡುಬಂದಿದೆ. ಅದಕ್ಕೆ ಕಿರಣವೇ ಕಾರಣ ಅಂತ ಸಾಬೀತಾಗಿಲ್ಲ, ಆದರೆ ಸಾಬೀತಾಗುವ ತನಕ ಸಂದು ಬಿಟ್ಟುಕೊಂಡು ನಿಲ್ಲುವುದು ಯಾಕೆ? ಕಂಕುಳು ಮುಚ್ಚುವ ರೆಕ್ಕೆ ಇರುವ ಏಪ್ರನ್ ಬರುತ್ತದೆ, ಕೇಳಿ ತರಿಸಿಕೊಳ್ಳಿ. ಮೇಲಂಗಿ, ಲಂಗ ಬೇರೆ ಬೇರೆ ಇರುವುದಾದರೆ ಭಾರ ಸೊಂಟಕ್ಕೂ ಹಂಚಿಹೋಗುತ್ತದೆ.

ಪ್ರಶ್ನೆ: ನನ್ನ ತಾಯಿಗೆ ಮಂಡಿ ಬದಲಿಸುವ ಆಪರೇಷನ್. ಮಾಡುವವರು ಲೇಡಿ ಡಾಕ್ಟ್ರು ಅಂತ ಗೊತ್ತಾಯಿತು. ತಪ್ಪು ತಿಳಿಯಬೇಡಿ ಮೇಡಂ, ಅವರ ಬಗ್ಗೆ ಗೌರವ ಇದೆ, ಆದರೂ ಸ್ವಲ್ಪ ಅಳುಕು. ಗಂಡಸರ ಹತ್ತಿರ ಮಾಡಿಸಿದರೆ ಸೇಫ್ ಅಲ್ವಾ?

ತಪ್ಪು ತಿಳಿಯಲ್ಲ, ಕೇಳಿದ್ದಕ್ಕೆ ಸಂತೋಷ. ಕೇಳದೆ ಸುಮ್ಮನೆ ಆಸ್ಪತ್ರೆ ಬದಲಿಸುವವರೇ ಜಾಸ್ತಿ.

ಕೆನಡಾದ ಒಂಟಾರಿಯೋದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದಿದ್ದಾರೆ, 2017ರಲ್ಲಿ ಪ್ರಕಟವಾಯಿತು. ಒಂದೇ ಥರದ ಆಪರೇಷನ್, ಒಂದೇ ಥರದ ರೋಗಿಗಳನ್ನು ಜೋಡಿ ಮಾಡಿ ನೋಡಿದರು. ಮೂವತ್ತು ದಿನದೊಳಗೆ ಸಾವು, ತೊಂದರೆ, ಮತ್ತೆ ಅಡ್ಮಿಟ್ ಆಗುವುದು, ಮೂರನ್ನೂ ಸೇರಿಸಿ ಎಣಿಸಿದರೆ ಮಹಿಳಾ ಸರ್ಜನ್‌ಗಳ ರೋಗಿಗಳಲ್ಲಿ ನೂರಕ್ಕೆ ನಾಲ್ಕರಷ್ಟು ಕಡಿಮೆ. ಬಹಳ ಸಣ್ಣ ವ್ಯತ್ಯಾಸ, ಅದನ್ನು ಹಿಡಿದು ಹೆಂಗಸರ ಹತ್ತಿರವೇ ಓಡಿ ಅಂತ ನಾನೂ ಹೇಳಲ್ಲ. ಅಳುಕಿಗೆ ಆಧಾರ ಇಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಕೇಳಬೇಕಾದ್ದು ಬೇರೆ ಇದೆ. ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತೀರಿ, ಟೇಬಲ್ ಹತ್ತಿರ ಕೊನೆಯವರೆಗೂ ನೀವೇ ಇರುತ್ತೀರಾ, ಕೀವಾದರೆ ಏನು ಮಾಡುತ್ತೀರಿ, ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಅದು ಎಷ್ಟಕ್ಕೆ ಇಳಿದಿರಬೇಕು. ಜಾಸ್ತಿ ಮಾಡುವವರ ಕೈ ಪಳಗಿರುತ್ತದೆ, ಗಂಡಾಗಲಿ ಹೆಣ್ಣಾಗಲಿ. ಈ ಪ್ರಶ್ನೆಗೆ ಸಿಟ್ಟಾಗುವ ಡಾಕ್ಟ್ರು ಸಿಕ್ಕರೆ ಬೇಕಾದರೆ ಬದಲಿಸಿ.

ಮತ್ತೆ, ಅವರನ್ನು ಸಿಸ್ಟರ್ ಅನ್ನಬೇಡಿ ಮಾರಾಯರೇ.

ಪ್ರಶ್ನೆ: (ಪತ್ರ ಉದ್ದವಿದೆ, ಬರೆದವರ ಗುರುತು ಸಿಗಬಾರದು ಅಂತ ನಾನೇ ಚಿಕ್ಕದು ಮಾಡಿದ್ದೇನೆ.) ಕೈ ತೊಳೆದು, ಗೌನ್ ಹಾಕಿ ಆಪರೇಷನ್‌ಗೆ ಸ್ಕ್ರಬ್ ಆಗಿ ನಿಂತಿದ್ದಾಗ ಒಬ್ಬ ಸೀನಿಯರ್ ಬೇಕಂತಲೇ ಮೈಗೆ ಒತ್ತಿಕೊಂಡು ನಿಲ್ಲುತ್ತಾರೆ. ಕೈ ಸ್ಟೆರೈಲ್ (ಕ್ರಿಮಿ ಇಲ್ಲದ್ದು) ಇರುತ್ತೆ, ದೂರ ಸರಿಯೋಕೂ ಆಗಲ್ಲ. ಜಾಗ ಕಡಿಮೆ, ಹಾಗಾಗಿ ಅಂತ ಎಲ್ಲರೂ ಅಂತಾರೆ. ನನಗೆ ಹುಚ್ಚಾ?

ಇಲ್ಲ. ನಿನಗೆ ಹುಚ್ಚಿಲ್ಲ. ಟೇಬಲ್ ಸುತ್ತ ಜಾಗ ಕಡಿಮೆ ಇರುವುದು ಎಲ್ಲರಿಗೂ ಗೊತ್ತು, ಅಕಸ್ಮಾತ್ ತಾಗುವುದಕ್ಕೂ ಇದಕ್ಕೂ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ.

ನೀನೊಬ್ಬಳೇ ಅಲ್ಲ ಅಂತ ಹೇಳುವುದು ಸಮಾಧಾನವೋ ಅಲ್ಲವೋ. ಬ್ರಿಟನ್ನಿನಲ್ಲಿ ಸರ್ಜರಿ ವಿಭಾಗದವರನ್ನು ಕೇಳಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರ ಕೊಟ್ಟ ಹೆಂಗಸರಲ್ಲಿ ನೂರಕ್ಕೆ 63 ಮಂದಿ ಹಿಂದಿನ ಐದು ವರ್ಷದಲ್ಲಿ ಜೊತೆ ಕೆಲಸ ಮಾಡುವವರಿಂದ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಅಂದರು. ನೂರಕ್ಕೆ 30ರಷ್ಟು ಮಂದಿ ಮೈಮುಟ್ಟುವ ಮಟ್ಟದ ಹಲ್ಲೆ ಅಂದರು. ಓಟಿ ಅನ್ನುವುದು ಬಾಗಿಲು ಮುಚ್ಚಿದ ಜಾಗ, ಅಲ್ಲಿ ಒಬ್ಬರ ಮಾತೇ ಕೊನೆ, ರೋಗಿ ಅರಿವಿಲ್ಲದೆ ಮಲಗಿರುತ್ತಾರೆ, ಕಲಿಯುವವಳ ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಅದೇ ವ್ಯಕ್ತಿಯ ಕೈಲಿ. ಇಂಥ ಜಾಗದಲ್ಲಿ ಇದು ನಡೆಯುವುದಕ್ಕೆ ನಿನ್ನ ಬಟ್ಟೆ, ನಗು, ಮಾತು ಯಾವುದೂ ಕಾರಣವಲ್ಲ.

ಇವತ್ತೇ ಮಾಡಬೇಕಾದ್ದು: ದಿನಾಂಕ, ಕೇಸು, ಟೇಬಲ್ ಸುತ್ತ ಯಾರ್ಯಾರಿದ್ದರು ಬರೆದಿಡು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅಲ್ಲ, ನಿನ್ನ ಸ್ವಂತ ಜಾಗದಲ್ಲಿ. ನೀನು ನಂಬುವ ಒಬ್ಬರಿಗೆ ಅದೇ ದಿನ ಮೆಸೇಜ್ ಕಳಿಸು, ಆಗ ಸಮಯ ತಾನೇ ದಾಖಲಾಗುತ್ತದೆ. ಟೇಬಲ್ ಹತ್ತಿರ ಜೋರಾಗಿ, ಸಾದಾ ದನಿಯಲ್ಲಿ "ಸರ್, ಸ್ವಲ್ಪ ಸರಿಯಿರಿ, ನನಗೆ ಒತ್ತುತ್ತಿದೆ" ಅನ್ನು. ಎಲ್ಲರಿಗೂ ಕೇಳಿಸಲಿ. ಸ್ಟೆರೈಲ್ ಕೆಟ್ಟರೂ ಪರವಾಗಿಲ್ಲ, ಹಿಂದೆ ಸರಿ, ಮತ್ತೆ ಗೌನ್ ಹಾಕಿಕೊಂಡರಾಯಿತು, ಗೌನ್ ಮಾನಕ್ಕಿಂತ ದೊಡ್ಡದಲ್ಲ. ದೂರು ಕೊಡುವುದು, ಬಿಡುವುದು ನಿನ್ನ ತೀರ್ಮಾನ, ಯಾವಾಗ ಅನ್ನುವುದೂ ನಿನ್ನದೇ. ಕೊಡುವುದಾದರೆ ಆ ಯೂನಿಟ್ಟಿನ ಹೊರಗೆ, ದೂರು ಕೇಳುವ ಅಧಿಕಾರ ಇರುವ ಸಮಿತಿಗೆ ಬರವಣಿಗೆಯಲ್ಲಿ ಕೊಡು. ಮತ್ತೆ, ಟೇಬಲ್ ಸುತ್ತ ನಿಂತು ನೋಡಿಯೂ ನೋಡದ ಹಾಗಿದ್ದವರು ಇದನ್ನು ಓದುತ್ತಿದ್ದರೆ, "ಜಾಗ ಬದಲಿಸೋಣ, ನೀನು ಈ ಕಡೆ ಬಾ" ಅಂತ ಹೇಳಲು ಎರಡು ಸೆಕೆಂಡ್ ಸಾಕು. ನಾನು ಕಿರಿಯಳಾಗಿದ್ದಾಗ ಒಬ್ಬ ಓಟಿ ಸಿಸ್ಟರ್ ಹೀಗೆ ಹೇಳಿದ್ದರು. ಅವರು ಆಮೇಲೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ, ಆದರೆ ಅವತ್ತಿನಿಂದ ನಾನು ಯಾವತ್ತೂ ಅವರ ಪಕ್ಕದಲ್ಲೇ ನಿಂತೆ.

ಪ್ರಶ್ನೆ: ಅಕ್ಕ, ಟ್ರೈನಿಂಗ್ ಎಲ್ಲ ಮುಗಿಸಿ ಪ್ರಾಕ್ಟೀಸ್ ಶುರು ಮಾಡಿ ಮೂರು ವರ್ಷ. ಮಕ್ಕಳ ಮುರಿತ, ಕೈಬೆರಳಿನ ಗಾಯ ಬೇಕಾದಷ್ಟು ಬರುತ್ತೆ. ನಾನು ಕಲಿತದ್ದು ಬೆನ್ನುಮೂಳೆ. ಅದು ಮಾತ್ರ ಬರಲ್ಲ. ನನ್ನಲ್ಲೇ ಏನಾದರೂ ಕೊರತೆನಾ?

ಕೊರತೆ ಲೆಕ್ಕದಲ್ಲಿದೆ. ಒಂಟಾರಿಯೋದವರು (ಹೌದು, ಮತ್ತೆ ಅವರೇ, ಅಲ್ಲಿ ಎಲ್ಲ ದಾಖಲೆ ಒಂದೇ ಕಡೆ ಇರುವುದರಿಂದ ಎಣಿಸುವುದು ಸುಲಭ) ಸುಮಾರು ನಾಲ್ಕು ಕೋಟಿ ರೆಫರಲ್‌ಗಳನ್ನು, ಅಂದರೆ ಡಾಕ್ಟರ್‌ಗಳು ಸರ್ಜನ್‌ಗಳ ಹತ್ತಿರ ರೋಗಿಗಳನ್ನು ಕಳಿಸಿದ್ದನ್ನು ಎಣಿಸಿ 2021ರಲ್ಲಿ ಪ್ರಕಟಿಸಿದರು. ಅಲ್ಲಿನ ಸರ್ಜನ್‌ಗಳಲ್ಲಿ ಗಂಡಸರು ನೂರಕ್ಕೆ 77.5. ಹೆಂಗಸು ಡಾಕ್ಟರ್‌ಗಳು ಕಳಿಸಿದ ರೋಗಿಗಳಲ್ಲಿ ನೂರಕ್ಕೆ 79.3 ಗಂಡು ಸರ್ಜನ್‌ಗಳಿಗೆ ಹೋದರು, ಅಂದರೆ ಹೆಚ್ಚುಕಡಿಮೆ ಅಷ್ಟೇ. ಗಂಡು ಡಾಕ್ಟರ್‌ಗಳು ಕಳಿಸಿದವರಲ್ಲಿ ಮಾತ್ರ ನೂರಕ್ಕೆ 87.1. ಬಾಕಿ ಕಾರಣಗಳನ್ನು ಲೆಕ್ಕಕ್ಕೆ ತಗೊಂಡರೂ ವ್ಯತ್ಯಾಸ ಉಳಿಯಿತು, ಪರಿಚಯ ಇರುವವರಿಗೆ ಫೋನ್ ಮಾಡುವ ಅಭ್ಯಾಸ ಅಂತ ನನ್ನ ಊಹೆ. ಅಮೆರಿಕದ ದಾಖಲೆಗಳಲ್ಲಿ ಇನ್ನೂ ಬೇಸರದ್ದು ಕಂಡಿದೆ. ರೋಗಿ ತೀರಿಕೊಂಡರೆ ಮಹಿಳಾ ಸರ್ಜನ್‌ಗೆ ರೆಫರಲ್ ಇಳಿಯುವುದು ಗಂಡಸಿಗಿಂತ ಜಾಸ್ತಿ, ಜೊತೆಗೆ ಅದೇ ಕೆಲಸದ ಬೇರೆ ಮಹಿಳಾ ಸರ್ಜನ್‌ಗಳಿಗೂ ಕಳಿಸುವುದು ಕಡಿಮೆಯಾಗುತ್ತದೆ. ಒಬ್ಬಳು ಎಡವಿದರೆ ಎಲ್ಲರ ಕಾಲೂ ಸರಿಯಿಲ್ಲ ಅಂದ ಹಾಗೆ.

ನೀವು ಮಾಡಬಹುದಾದ್ದು ಸ್ವಲ್ಪ ಇದೆ. ಬೆನ್ನಿನ ಕೇಸು ಕಳಿಸುವ ನರರೋಗದವರು, ಫಿಸಿಯೋದವರು, ಜನರಲ್ ಪ್ರಾಕ್ಟೀಸಿನವರನ್ನು ನೇರವಾಗಿ ಹೋಗಿ ಭೇಟಿ ಮಾಡಿ. ಕಳಿಸಿದ ಪ್ರತಿ ರೋಗಿಗೂ ಏನು ಮಾಡಿದಿರಿ ಅಂತ ಅವರಿಗೆ ವಾಪಸ್ ಬರೆಯಿರಿ. ಇದನ್ನು ಮಾಡುವ ಸರ್ಜನ್‌ಗಳು ಎಷ್ಟು ಕಡಿಮೆ ಅಂದರೆ, ನಿಮ್ಮ ಹೆಸರು ನೆನಪಲ್ಲಿ ಉಳಿಯುತ್ತದೆ. ಮತ್ತೆ "ಮಕ್ಕಳನ್ನು ಹೆಂಗಸರು ಚೆನ್ನಾಗಿ ನೋಡ್ತಾರೆ" ಅಂತ ಬರುವ ಹೊಗಳಿಕೆಯ ಬಗ್ಗೆ ಎಚ್ಚರ. ಮಕ್ಕಳ ಆರ್ಥೋ, ಕೈ ಸರ್ಜರಿ ಎರಡೂ ನನಗೆ ಇಷ್ಟದ ವಿಷಯಗಳು, ಆದರೆ ಇಷ್ಟಪಟ್ಟು ಹೋಗುವುದು ಬೇರೆ, ಅಟ್ಟುವುದು ಬೇರೆ.

ಜಾಕ್ವೆಲಿನ್ ಪೆರಿ ಅಂತ ಒಬ್ಬರಿದ್ದರು. ಎರಡನೇ ಮಹಾಯುದ್ಧದಲ್ಲಿ ಫಿಸಿಯೋಥೆರಪಿಸ್ಟ್, ಆಮೇಲೆ ಆರ್ಥೋ ಸರ್ಜನ್. ಪೋಲಿಯೋದಿಂದ ಕುತ್ತಿಗೆ ನಿಲ್ಲದವರಿಗೆ ತಲೆಯ ಸುತ್ತ ಹಾಕುವ ಹೇಲೋ ಉಂಗುರವನ್ನು ವರ್ನನ್ ನಿಕಲ್ ಅವರ ಜೊತೆ ಸೇರಿ ರೂಪಿಸಿದರು. ಬೆನ್ನುಮೂಳೆಯವರು ನೀವು, ದಿನಾ ನೋಡಿರುತ್ತೀರಿ. ಅದನ್ನು ಹಾಕುವ ಎಷ್ಟು ಮಂದಿಗೆ ಅದರ ಹಿಂದೆ ಒಬ್ಬ ಹೆಂಗಸಿನ ಕೈ ಇದೆ ಅಂತ ಗೊತ್ತು? ನಿಮ್ಮ ಊಟದ ಮೇಜಿನ ಮಾತಿಗೆ ಒಂದು ಸರಕಾಗಲಿ ಅಂತ ಹೇಳಿದೆ.

ಪ್ರಶ್ನೆ: ನಾನು ಯೂನಿಟ್ ಮುಖ್ಯಸ್ಥ, ಗಂಡಸು. ಈ ವರ್ಷ ಮೊದಲ ಸಲ ಇಬ್ಬರು ಹುಡುಗಿಯರು ಸೇರಿದ್ದಾರೆ. ಒಳ್ಳೆಯದಾಗಿ ನಡೆಸಿಕೊಳ್ಳಬೇಕು ಅಂತ ಆಸೆ. ಅವರಿಗೆ ಭಾರದ ಕೆಲಸ ಕೊಡದೆ, ರಾತ್ರಿ ಬೇಗ ಮನೆಗೆ ಕಳಿಸುತ್ತಿದ್ದೇನೆ. ಸರಿ ತಾನೆ?

ಅಯ್ಯೋ ಸರ್. ನಿಮ್ಮ ಮನಸ್ಸು ಒಳ್ಳೆಯದು, ಕೆಲಸ ಪೂರ್ತಿ ಉಲ್ಟಾ.

ಮುರಿತ ಬರುವುದೇ ರಾತ್ರಿ. ಬೇಗ ಮನೆಗೆ ಹೋದವಳು ಮೂರು ವರ್ಷ ಆದ ಮೇಲೆ ತೊಡೆಮೂಳೆ ಒಬ್ಬಳೇ ಕಟ್ಟಲು ಆಗದೆ ನಿಂತಾಗ ಯಾರೂ "ಅವರ ಸರ್ ತುಂಬಾ ಒಳ್ಳೆಯವರು" ಅನ್ನಲ್ಲ. ಹುಡುಗರಿಗೆ ಎಷ್ಟು ಡ್ಯೂಟಿಯೋ ಅವರಿಗೂ ಅಷ್ಟೇ ಹಾಕಿ. ರಾತ್ರಿ ಮಲಗಲು ಚಿಲಕ ಇರುವ ರೂಮು ಕೊಡಿ, ಅದು ನಿಮ್ಮ ಜವಾಬ್ದಾರಿ. ಅವರನ್ನು ಕೂರಿಸಿಕೊಂಡು "ಏನಾದರೂ ತೊಂದರೆ ಇದ್ದರೆ ಹೇಳಿ" ಅಂತ ಕೇಳಬೇಡಿ, ಮೊದಲ ವರ್ಷದವರು ಯಾರೂ ಹೇಳಲ್ಲ. ಅದರ ಬದಲು ಸ್ಟೋರಿಗೆ ಹೋಗಿ ನೀವೇ ನೋಡಿ. ಆರು, ಆರೂವರೆ ಗ್ಲೌಸ್ ಎಷ್ಟಿದೆ? ಸಣ್ಣ ಏಪ್ರನ್ ಒಂದಾದರೂ ಇದೆಯಾ? ಬಟ್ಟೆ ಬದಲಿಸುವ ರೂಮಿನಲ್ಲಿ ನಡೆಯುವ ಕೇಸ್ ಚರ್ಚೆಯನ್ನು ಕಾರಿಡಾರಿಗೆ ತನ್ನಿ.

ನಾಳೆ ಓಟಿಯಲ್ಲಿ ಯಾರು ಡ್ರಿಲ್ ಹಿಡಿಯುತ್ತಾರೋ ಅವರ ಮೊಣಕೈ ಎತ್ತರಕ್ಕೆ ಟೇಬಲ್ ಇಳಿಸಿ. ಆ ಹುಡುಗಿಯರಲ್ಲಿ ಒಬ್ಬಳು ಹಿಡಿಯಲಿ, ನೀವು ರಿಟ್ರಾಕ್ಟರ್ ಹಿಡಿಯಿರಿ. ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡರೆ ಈ ಅಂಕಣಕ್ಕೆ ಬರೆಯಿರಿ, ಬೆನ್ನುನೋವಿನ ಪತ್ರಗಳಿಗೂ ಉತ್ತರ ಕೊಡುತ್ತೇನೆ.